ಗಂಜಿಯೋ, ಬೂತಾಯಿ ಮೀನೋ? ಎರಡನ್ನೂ ತಿಂದು ಓಡಿ ನೋಡಿದೆ

ಡಿಸೆಂಬರ್ ಮೊದಲ ವಾರ ಅನ್ನ ಬಿಟ್ಟೆ. ಕಾಸರಗೋಡಿನಲ್ಲಿ ಕುಚ್ಚಲಕ್ಕಿ ತಿಂದೇ ಬೆಳೆದವನಿಗೆ ಇದು ಸಣ್ಣ ಮಾತಲ್ಲ. ಬೆಳಿಗ್ಗೆ ಗಂಜಿ, ಮಧ್ಯಾಹ್ನ ಅನ್ನ, ಸಂಜೆ ಚಹಾದ ಜೊತೆ ಬಾಳೆಹಣ್ಣಿನ ಪೋಡಿ, ರಾತ್ರಿ ಮತ್ತೆ ಅನ್ನ. ನಲವತ್ಮೂರು ವರ್ಷ ಹೀಗೇ ನಡೆದಿತ್ತು.

ಬಿಟ್ಟದ್ದು ಓಟಕ್ಕಾಗಿ. ಆರು ವರ್ಷದಿಂದ ಓಡುತ್ತಿದ್ದೇನೆ. ಹಾಫ್ ಮ್ಯಾರಥಾನಿನಲ್ಲಿ 15 ಕಿ.ಮೀ. ದಾಟಿದ ಮೇಲೆ ಪ್ರತಿ ಸಲವೂ ಒಂದೇ ಕಥೆ. ಕಾಲು ಕಲ್ಲಾಗುತ್ತದೆ, ಹೊಟ್ಟೆ ಖಾಲಿ ಖಾಲಿ ಅನ್ನಿಸುತ್ತದೆ. ಜೊತೆಗೆ ಓಡುವ ಗೆಳೆಯರೊಬ್ಬರು ಅನ್ನ, ಸಕ್ಕರೆ ಕಡಿಮೆ ಮಾಡಿ ಕೊಬ್ಬು ಜಾಸ್ತಿ ಮಾಡಿದ್ದರು. ಅವರಿಗೆ ಈ ತೊಂದರೆ ನಿಂತಿತ್ತು. ಹಾಗಾಗಿ ಎಂಟು ವಾರ ಅವರ ದಾರಿ, ಆಮೇಲೆ ಎಂಟು ವಾರ ನಮ್ಮ ಗಂಜಿ ಎಂದು ನಿಶ್ಚಯಿಸಿದೆ. ಓಡುವ ರಸ್ತೆ ಎರಡಕ್ಕೂ ಒಂದೇ. ಪೇಟೆಯಿಂದ ಚಂದ್ರಗಿರಿ ಸೇತುವೆ ದಾಟಿ, ಮೇಲ್ಪರಂಬ, ಉದುಮ ಹಾದು ಪಾಲಕುನ್ನುವರೆಗೆ, ಅಲ್ಲಿಂದ ವಾಪಸ್. ನನ್ನ ವಾಚಿನಲ್ಲಿ 20 ಕಿ.ಮೀ.

ಲೆಕ್ಕ ಸರಳ. ನಮ್ಮ ಸ್ನಾಯು ಮತ್ತು ಪಿತ್ತಜನಕಾಂಗದಲ್ಲಿ ಕೂಡಿಟ್ಟ ಸಕ್ಕರೆ, ಅಂದರೆ ಗ್ಲೈಕೋಜನ್, ಸುಮಾರು 500 ಗ್ರಾಂ. ಅದರಿಂದ ಸಿಗುವುದು 2,000 ಕ್ಯಾಲೊರಿ. ಕೊಬ್ಬು ಹಾಗಲ್ಲ. ಸಪೂರ ಆಳಿನ ಮೈಯಲ್ಲೂ ಹತ್ತಾರು ಸಾವಿರ ಕ್ಯಾಲೊರಿ ಕೂತಿರುತ್ತದೆ. ಆ ದೊಡ್ಡ ಕಣಜದಿಂದ ತೆಗೆದು ಉರಿಸಲು ಮೈಗೆ ಕಲಿಸುವುದೇ ಈ ಊಟದ ಉದ್ದೇಶ. ಅದಕ್ಕೆ ದಿನಕ್ಕೆ 50 ಗ್ರಾಂಗಿಂತ ಕಡಿಮೆ ಕಾರ್ಬೋಹೈಡ್ರೇಟ್ ತಿನ್ನಬೇಕು. ಬೇಯಿಸಿದ 100 ಗ್ರಾಂ ಅನ್ನದಲ್ಲೇ ಸುಮಾರು 28 ಗ್ರಾಂ ಇರುತ್ತದೆ. ಎರಡು ಸೌಟು ಬಡಿಸಿಕೊಂಡರೆ ಇಡೀ ದಿನದ ಪಾಲು ಮುಗಿಯಿತು.

ಊಟಕ್ಕೆ ನಮ್ಮ ಊರಿನಲ್ಲಿ ಕಷ್ಟವೇ ಇಲ್ಲ. ಬೆಳಿಗ್ಗೆ ತೆಂಗಿನೆಣ್ಣೆಯಲ್ಲಿ ಮೂರು ಮೊಟ್ಟೆ, ಒಂದಿಷ್ಟು ಹಸಿ ಕಾಯಿ. ಮಧ್ಯಾಹ್ನ ಬೂತಾಯಿ ಪುಳಿಮುಂಚಿ, ಕಾಯಿ ಜಾಸ್ತಿ ಹಾಕಿದ ತೊಂಡೆಕಾಯಿ ಪಲ್ಯ. ರಾತ್ರಿ ಕೋಳಿ ಸುಕ್ಕ, ರೊಟ್ಟಿ ಬಿಟ್ಟು. ಕಷ್ಟ ಆಗುವುದು ಊಟದ ಪಂಕ್ತಿಯಲ್ಲಿ. ಅದು ಊರ ದೈವಗಳ ನೇಮ, ಕಳಿಯಾಟಗಳ ಕಾಲ. ಎಲೆ ಮುಂದೆ ಕೂತು ಅನ್ನ ಬೇಡ ಎನ್ನಲು ಬಾಯಿ ಬರುವುದಿಲ್ಲ. ಮನೆಯಲ್ಲಿ ಅಮ್ಮ ದಿನಾ ಕೇಳುತ್ತಿದ್ದರು, "ಒಂದು ಸೌಟಾದರೂ ಹಾಕ್ತೇನೆ ಮಗಾ".

ಮೊದಲ ಹತ್ತು ದಿನ ತಲೆ ಭಾರ, ರಾತ್ರಿ ಮೀನಖಂಡ ಹಿಡಿದುಕೊಳ್ಳುತ್ತಿತ್ತು. ಕಾರ್ಬೋಹೈಡ್ರೇಟ್ ಇಳಿದರೆ ಇನ್ಸುಲಿನ್ ಇಳಿಯುತ್ತದೆ, ಆಗ ಮೂತ್ರಪಿಂಡ ಉಪ್ಪನ್ನು ಜಾಸ್ತಿ ಹೊರಗೆ ಹಾಕುತ್ತದೆ. ಉಪ್ಪು ಹಾಕಿದ ನೀರು ಮಜ್ಜಿಗೆ ದಿನಕ್ಕೆ ಮೂರು ಲೋಟ ಕುಡಿಯತೊಡಗಿದ ಮೇಲೆ ಸರಿಯಾಯಿತು. ಮೊದಲ ವಾರವೇ ತೂಕ ಎರಡೂವರೆ ಕಿಲೋ ಇಳಿಯಿತು. ಅದು ಹೆಚ್ಚಾಗಿ ನೀರು. ಒಂದು ಗ್ರಾಂ ಗ್ಲೈಕೋಜನ್ ಸುಮಾರು ಮೂರು ಗ್ರಾಂ ನೀರು ಹಿಡಿದಿಟ್ಟುಕೊಂಡಿರುತ್ತದೆ, ಅದು ಖರ್ಚಾದಾಗ ನೀರೂ ಹೋಗುತ್ತದೆ.

ಏಳನೇ ಭಾನುವಾರವನ್ನು ಮರೆಯಲಾರೆ. ಬೆಳಿಗ್ಗೆ ಐದೂವರೆಗೆ ಬರೀ ನೀರು ಕುಡಿದು ಹೊರಟೆ. ಹಿಂದೆ ಬರುವಾಗ ಮೇಲ್ಪರಂಬದ ಹತ್ತಿರ, ಯಾವಾಗಲೂ ಕುಸಿಯುವ ಜಾಗದಲ್ಲಿ, ಏನೂ ಆಗಲಿಲ್ಲ. ಹಸಿವಿಲ್ಲ, ಕೈ ನಡುಕವಿಲ್ಲ. ಸೇತುವೆಯ ಮೇಲೆ ಬಂದಾಗ ಹೊಳೆಯ ಮೇಲೆ ಮಂಜು ಇನ್ನೂ ಎದ್ದಿರಲಿಲ್ಲ. ಇನ್ನೊಂದು ಗಂಟೆ ಓಡಬಹುದಿತ್ತು. ನಿಧಾನದ ಉದ್ದ ಓಟಕ್ಕೆ ಈ ಊಟ ಗೆದ್ದಿತು.

ಆದರೆ ಏರು ಬಂದಾಗ ಬೇರೆಯೇ. ಧರ್ಮತ್ತಡ್ಕದ ಕಡೆಯಿಂದ ಪೊಸಡಿ ಗುಂಪೆ ಗುಡ್ಡಕ್ಕೆ ಹತ್ತುವಾಗ ನಾನು ಅಳೆಯುವ ಒಂದು ಕಿ.ಮೀ. ಇದೆ. ಜನವರಿ ಕೊನೆಯಲ್ಲಿ ಅದಕ್ಕೆ 8 ನಿಮಿಷ 40 ಸೆಕೆಂಡ್ ಹಿಡಿಯಿತು. ಕಾಲಿಗಿಂತ ಮೊದಲು ಉಸಿರೇ ಸೋತಿತು. ಗಂಜಿಗೆ ಮರಳಿದ ಮೂರನೇ ವಾರ, ಅದೇ ಏರು, ಅದೇ ಶೂ: 7 ನಿಮಿಷ 50 ಸೆಕೆಂಡ್. ಬಿಸಿಲು ಆಗ ಜಾಸ್ತಿಯೇ ಇತ್ತು, ಆದರೂ.

ಇದಕ್ಕೆ ಕಾರಣ ಇದೆ. ಅಷ್ಟೇ ಶಕ್ತಿಗೆ ಕೊಬ್ಬು ಉರಿಸಲು ಸಕ್ಕರೆಗಿಂತ ಜಾಸ್ತಿ ಆಮ್ಲಜನಕ ಬೇಕು. ಅಮೆರಿಕದ ಸಂಶೋಧಕ ಜೆಫ್ ವೋಲೆಕ್ ತಂಡ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 20 ಮಂದಿ ದೂರದ ಓಟಗಾರರು ಮತ್ತು ಟ್ರಯಾಥ್ಲೀಟ್‌ಗಳನ್ನು (ಈಜು, ಸೈಕಲ್, ಓಟ ಮೂರೂ ಸೇರಿದ ಸ್ಪರ್ಧೆಯವರನ್ನು) ಪರೀಕ್ಷಿಸಿತ್ತು. ಕೊಬ್ಬಿನ ಊಟದವರು ನಿಮಿಷಕ್ಕೆ ಗರಿಷ್ಠ 1.54 ಗ್ರಾಂ ಕೊಬ್ಬು ಉರಿಸಿದರು, ಉಳಿದವರು 0.67 ಗ್ರಾಂ. ಮರುವರ್ಷ ಆಸ್ಟ್ರೇಲಿಯಾದ ಸಂಶೋಧಕಿ ಲೂಯಿಸ್ ಬರ್ಕ್ ತಂಡ ಪ್ರಕಟಿಸಿದ, ನಡಿಗೆ ಸ್ಪರ್ಧೆಯವರ ಮೇಲೆ ಮೂರು ವಾರ ನಡೆಸಿದ ಪರೀಕ್ಷೆಯಲ್ಲಿ ಕೊಬ್ಬು ಚೆನ್ನಾಗಿಯೇ ಉರಿಯಿತು, ಆದರೆ ಅದೇ ವೇಗಕ್ಕೆ ಆಮ್ಲಜನಕ ಜಾಸ್ತಿ ಬೇಕಾಯಿತು. 10 ಕಿ.ಮೀ. ಸಮಯ ಸುಧಾರಿಸಿದ್ದು ಕಾರ್ಬೋಹೈಡ್ರೇಟ್ ತಿಂದವರದ್ದು. ಎರಡೂ ನಿಜ. ಗುಂಪೆಯ ಏರಿನಲ್ಲಿ ನನಗೆ ಸಿಕ್ಕಿದ್ದೂ ಅದೇ.

ಹೊಟ್ಟೆಯ ವಿಷಯದಲ್ಲಿ ಕೊಬ್ಬಿನ ಊಟವೇ ಮೇಲು. ನಡುವೆ ತಿನ್ನುವ ಗೋಜಿಲ್ಲ. ಗಂಜಿಯ ಓಟಕ್ಕೆ ಜೇಬಿನಲ್ಲಿ ಏನಾದರೂ ಬೇಕು, ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್. ಬೊಂಡ, ಅಂದರೆ ಎಳನೀರು, ಒಂದೇ ಸಾಲದು, ಒಂದರಲ್ಲಿ ಹದಿನೈದು ಗ್ರಾಂ ಸಿಕ್ಕರೆ ದೊಡ್ಡದು. ಜೊತೆಗೆ ನೇಂದ್ರ ಬಾಳೆಹಣ್ಣು ಇಟ್ಟುಕೊಳ್ಳುತ್ತೇನೆ. ಖರ್ಚು? ಗಂಜಿಯೇ ಅಗ್ಗ.

ನನ್ನ ಮನಸ್ಸು ಬದಲಿಸಿದ್ದು ರಕ್ತಪರೀಕ್ಷೆ. ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್, 118 ಇದ್ದದ್ದು ಎಂಟು ವಾರದಲ್ಲಿ 161 ಆಯಿತು. ತೆಂಗಿನೆಣ್ಣೆಯ ಕೊಬ್ಬಿನಲ್ಲಿ ಸುಮಾರು 90 ಶೇಕಡಾ ಸ್ಯಾಚುರೇಟೆಡ್, ಅಂದರೆ ಎಲ್‌ಡಿಎಲ್ ಏರಿಸುವ ಬಗೆಯದು, ನಾನು ಅದನ್ನು ಧಾರಾಳ ಸುರಿದಿದ್ದೆ. ಎಲ್ಲರಿಗೂ ಹೀಗೇ ಏರುವುದಿಲ್ಲ, ಆದರೆ ಶುರು ಮಾಡುವ ಮೊದಲು ಒಮ್ಮೆ, ಎರಡು ತಿಂಗಳಿಗೆ ಮತ್ತೊಮ್ಮೆ ಪರೀಕ್ಷೆ ಮಾಡಿಸಿ. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಅನ್ನ ಬಿಡಲೇಬೇಡಿ. ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು.

ಈಗ ಏಪ್ರಿಲ್‌ನಿಂದ ಎರಡನ್ನೂ ಸೇರಿಸಿದ್ದೇನೆ. ವಾರದ ನಡುವೆ, ಮೆಲ್ಲಗೆ ಓಡುವ ದಿನ, ಮೀನು, ಮೊಟ್ಟೆ, ಪಲ್ಯ, ರಾತ್ರಿ ಅನ್ನ ಇಲ್ಲ. ಎಣ್ಣೆ ಅರ್ಧಕ್ಕೆ ಇಳಿಸಿದೆ, ಬೂತಾಯಿ ಜಾಸ್ತಿ ಮಾಡಿದೆ. ಗುಂಪೆ ಹತ್ತುವ ಹಿಂದಿನ ದಿನ ಮತ್ತು ಶನಿವಾರ ರಾತ್ರಿ ಹೊಟ್ಟೆ ತುಂಬ ಗಂಜಿ, ಹೆಸರುಕಾಳು ಪಲ್ಯ, ಮಾವಿನ ಮಿಡಿ ಉಪ್ಪಿನಕಾಯಿ. ಎಲ್‌ಡಿಎಲ್ 126ಕ್ಕೆ ಬಂದಿದೆ. ಮೇಲ್ಪರಂಬದಲ್ಲಿ ಈಗ ಸ್ವಲ್ಪ ಹಸಿವಾಗುತ್ತದೆ, ಅರ್ಧ ನೇಂದ್ರ ಹಣ್ಣು ತಿಂದು ಸೇತುವೆ ದಾಟುತ್ತೇನೆ.