ಮಗುವಿನ ನಿರೀಕ್ಷೆಯಲ್ಲಿರುವವರಿಗೆ ಸ್ಮಾರ್ಟ್ ತೂಕದ ಯಂತ್ರ: ಯಾವುದನ್ನು ನಂಬಬೇಕು, ಯಾವುದನ್ನು ಬಿಡಬೇಕು

ತೂಕ ತೋರಿಸುವುದಕ್ಕೆ ಪೂರ್ತಿ ಅಂಕ, ಕೊಬ್ಬಿನ ಶೇಕಡಾವಾರು ಲೆಕ್ಕಕ್ಕೆ ಅರ್ಧ, ಆ್ಯಪ್‌ನ ಕೆಂಪು-ಹಸಿರು ಬಣ್ಣಕ್ಕೆ ಸೊನ್ನೆ. ಮೊಬೈಲಿಗೆ ಜೋಡಿಸುವ ಈ ಯಂತ್ರಗಳಿಗೆ ನಾವು ಕೊಡುವ ಅಂಕ ಇಷ್ಟೇ.

ಸೊನ್ನೆ ಏಕೆಂದರೆ, 160 ಸೆಂ.ಮೀ. ಎತ್ತರ, 72 ಕೆ.ಜಿ. ತೂಕದ ಮಹಿಳೆಯನ್ನು ತೆಗೆದುಕೊಳ್ಳಿ. ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 28.1. ಶೇ. 5ರಷ್ಟು, ಅಂದರೆ 3.6 ಕೆ.ಜಿ. ಇಳಿಸಿದರೂ ಬಿಎಂಐ 26.7, ಪರದೆಯಲ್ಲಿ ಇನ್ನೂ 'ಅಧಿಕ ತೂಕ'. ಆದರೆ ಪಿಸಿಓಎಸ್‌ನಿಂದ (ಅಂಡಾಶಯಕ್ಕೆ ಸಂಬಂಧಿಸಿದ ಹಾರ್ಮೋನ್ ತೊಂದರೆ) ಮುಟ್ಟು ಏರುಪೇರಾಗಿರುವ ಅನೇಕರಲ್ಲಿ ಶೇ. 5ರಿಂದ 10ರಷ್ಟು ಇಳಿದಾಗಲೇ ಅಂಡೋತ್ಪತ್ತಿ ಮರಳುತ್ತದೆ. ತೂಕದ ಜೊತೆ ರಕ್ತದಲ್ಲಿ ಇನ್ಸುಲಿನ್ ಇಳಿದರೆ ಅಂಡಾಶಯದಲ್ಲಿ ಟೆಸ್ಟೋಸ್ಟೆರಾನ್ ತಯಾರಿಕೆ ತಗ್ಗಿ, ಅರ್ಧಕ್ಕೆ ನಿಂತಿದ್ದ ಅಂಡಾಣುವಿನ ಚೀಲ (ಫಾಲಿಕಲ್) ಪೂರ್ತಿ ಬಲಿಯುತ್ತದೆ. ಆ್ಯಪ್‌ಗೆ ಇದೆಲ್ಲಿ ಗೊತ್ತು? ಹಸಿರು ಬರಲೇಬೇಕೆಂದು ಊಟ ಬಿಟ್ಟರೆ ಕೆಲಸ ಕೆಡುತ್ತದೆ: ಕೊಬ್ಬು ತೀರಾ ಕಡಿಮೆಯಾದರೆ ಅದರಿಂದಲೇ ಬರುವ ಲೆಪ್ಟಿನ್ ಹಾರ್ಮೋನ್ ಕುಸಿಯುತ್ತದೆ, ಮಿದುಳು ಅಂಡಾಶಯಕ್ಕೆ ಸೂಚನೆ ಕಳಿಸುವುದನ್ನೇ ತಗ್ಗಿಸುತ್ತದೆ, ಮುಟ್ಟು ನಿಲ್ಲುತ್ತದೆ. ಕೆಲವು ಆ್ಯಪ್‌ಗಳು ಅಂಥ ಕಡಿಮೆ ಕೊಬ್ಬಿಗೆ 'ಅಥ್ಲೀಟ್' ಎಂಬ ಬಿರುದು ಬೇರೆ ಕೊಡುತ್ತವೆ.

ಗಂಡನೂ ಯಂತ್ರ ಹತ್ತಬೇಕು. ಗಂಡಸರ ಕೊಬ್ಬಿನಲ್ಲಿರುವ ಅರೋಮಟೇಸ್ ಕಿಣ್ವ ಟೆಸ್ಟೋಸ್ಟೆರಾನನ್ನು ಈಸ್ಟ್ರೋಜನ್ ಆಗಿ ಬದಲಿಸುತ್ತದೆ; ಕೊಬ್ಬು ಹೆಚ್ಚಾದರೆ ವೀರ್ಯಾಣು ತಯಾರಿಕೆಗೆ ಪೆಟ್ಟು ಬೀಳಬಹುದು. ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳು ಬೇಕು. ಆದ್ದರಿಂದ ತೂಕ ಇಳಿಸಿದ ಮುಂದಿನ ತಿಂಗಳೇ ವೀರ್ಯ ಪರೀಕ್ಷೆ ಮಾಡಿಸಿ ಪೆಚ್ಚಾಗಬೇಡಿ.

ಇನ್ನು ಕೊಬ್ಬಿನ ಅಂಕಿ. ಇದನ್ನು ಲೆಕ್ಕ ಹಾಕಲು ಯಂತ್ರ ಹರಿಸುವ ಸಣ್ಣ ವಿದ್ಯುತ್ ಒಂದು ಪಾದದಿಂದ ಇನ್ನೊಂದಕ್ಕೆ ಹರಿಯುವುದು ಬಹುಪಾಲು ಕಾಲುಗಳ ಮೂಲಕ. ಹೊಟ್ಟೆಯನ್ನು ಅದು ನೋಡುವುದೇ ಇಲ್ಲ ಎನ್ನಬಹುದು. 'ವಿಸೆರಲ್ ಫ್ಯಾಟ್' (ಹೊಟ್ಟೆಯೊಳಗಿನ ಕೊಬ್ಬು) ಎಂದು ಬರುವುದು ವಯಸ್ಸು, ಎತ್ತರ, ತೂಕ ಸೇರಿಸಿ ಮಾಡಿದ ಅಂದಾಜು. ಒಣಗಿ ಬಿರಿದ ಹಿಮ್ಮಡಿ, ನೀರು ಕಡಿಮೆಯಾದ ದೇಹ ಎರಡೂ ವಿದ್ಯುತ್ತನ್ನು ತಡೆದು ಕೊಬ್ಬು ಹೆಚ್ಚು ತೋರಿಸುತ್ತವೆ. ಮುಟ್ಟಿನ ಮುಂಚೆ ನೀರು ತುಂಬಿ ಒಂದು ಕೆ.ಜಿ. ಏರುವುದೂ ಉಂಟು. ಆದ್ದರಿಂದ ಬೆಳಗ್ಗೆ ಶೌಚ ಮುಗಿಸಿ, ಏನನ್ನೂ ತಿನ್ನದೆ, ಬರಿಗಾಲಲ್ಲಿ, ಗಟ್ಟಿ ನೆಲದ ಮೇಲಿಟ್ಟು ವಾರಕ್ಕೊಮ್ಮೆ ನೋಡಿ. ಮಹಿಳೆಯರು ಹೋದ ಚಕ್ರದ ಅದೇ ದಿನದ ತೂಕಕ್ಕೆ ಹೋಲಿಸಿ. ಪೇಸ್‌ಮೇಕರ್ ಇರುವವರು ಹತ್ತಲೇಬಾರದು. ಗರ್ಭ ನಿಂತಿದ್ದರೆ ಬರೀ ತೂಕದ ಮೋಡ್ ಸಾಕು.

ಹೊಟ್ಟೆಯ ಲೆಕ್ಕಕ್ಕೆ ಟೈಲರ್ ಟೇಪೇ ವಾಸಿ. ಕೊನೆಯ ಪಕ್ಕೆಲುಬು, ಸೊಂಟದ ಮೂಳೆ ಇವೆರಡರ ನಡುವೆ, ಉಸಿರು ಬಿಟ್ಟ ಮೇಲೆ ಅಳೆಯಿರಿ. ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕು.

ತೂಕ ಇಳಿಸಲು ಸೆಮಾಗ್ಲುಟೈಡ್ ಚುಚ್ಚುಮದ್ದು ತೆಗೆದುಕೊಳ್ಳುತ್ತಿದ್ದರೆ ಗರ್ಭಕ್ಕೆ ಪ್ರಯತ್ನಿಸುವ ಕನಿಷ್ಠ 2 ತಿಂಗಳ ಮುಂಚೆ, ವೈದ್ಯರಿಗೆ ತಿಳಿಸಿ, ನಿಲ್ಲಿಸಬೇಕು. ಮುಟ್ಟು ಕ್ರಮವಾಗಿದ್ದೂ ಗರ್ಭ ನಿಲ್ಲದವರಿಗೆ ತೂಕ ಇಳಿಕೆಯೊಂದೇ ಉತ್ತರವಲ್ಲ. ಮಹಿಳೆಗೆ 35 ದಾಟಿದ್ದರೆ 6 ತಿಂಗಳು, ಇಲ್ಲವಾದರೆ 12 ತಿಂಗಳು ಪ್ರಯತ್ನಿಸಿ ವೈದ್ಯರಲ್ಲಿಗೆ ಹೋಗಿ. ಮುಟ್ಟೇ ಬರುತ್ತಿಲ್ಲವೆಂದರೆ ಅಷ್ಟೂ ಕಾಯಬೇಡಿ, ಯಂತ್ರ ಯಾವ ಬಣ್ಣ ತೋರಿಸಿದರೂ ಸರಿ.