ಒಡೆತನ ಒಂದೇ, ಹೊಣೆ ಬೇರೆ: ಅಗ್ಗದ ಸಂಪರ್ಕ ವಿಮಾನ ಹಿಡಿಯುವವರಿಗೆ ಎಚ್ಚರಿಕೆ

ರಾಷ್ಟ್ರೀಯ ವಿಮಾನಯಾನ ಸಂಸ್ಥೆಯೊಂದರ ವಿಮಾನದಲ್ಲಿ ಹೊರದೇಶದಿಂದ ಬಂದಿಳಿದು, ಅದೇ ದಿನ ಅದರದೇ ಒಡೆತನದ ಅಗ್ಗದ ದರದ ದೇಶೀಯ ವಿಮಾನದಲ್ಲಿ ಮುಂದಕ್ಕೆ ಹೋಗಬೇಕೆಂದಿರುವವರು ಹಣ ಪಾವತಿಸುವ ಮುನ್ನ ಇದನ್ನು ಓದಬೇಕೆಂದು ಕೇಳಿಕೊಳ್ಳುತ್ತೇನೆ.

ನನ್ನೊಡನೆ ಎಪ್ಪತ್ತು ದಾಟಿದ ಅಮ್ಮನಿದ್ದರು. ಮಾತೃಸಂಸ್ಥೆಯ ಜಾಲತಾಣದಲ್ಲಿ ಮೊದಲ ಟಿಕೆಟ್ ಕೊಂಡ ಕೂಡಲೇ, ಮುಂದಿನ ಊರಿಗೆ ತನ್ನ ಅಂಗಸಂಸ್ಥೆಯ ಅಗ್ಗದ ವಿಮಾನವಿದೆ ಎಂಬ ಸೂಚನೆ ಅಲ್ಲಿಯೇ ಕಾಣಿಸಿತು. ಅದನ್ನು ಒತ್ತಿದಾಗ ತೆರೆದ ಪುಟದಲ್ಲಿಯೂ ಅದೇ ಬಣ್ಣ, ಅದೇ ಲಾಂಛನವಿದ್ದುದರಿಂದ ಎರಡೂ ಒಂದೇ ಮನೆಯವೆಂದು ನಂಬಿದೆ. ಎರಡು ವಿಮಾನಗಳ ನಡುವೆ ಮೂರು ಗಂಟೆ ಬಿಡುವಿತ್ತು. ಎರಡು ಬೇರೆ ಪಿಎನ್‌ಆರ್ (ಕಾಯ್ದಿರಿಸಿದ ದಾಖಲೆಯ) ಸಂಖ್ಯೆಗಳು ಬಂದದ್ದನ್ನು ನೋಡಿಯೂ ಅದರ ಅರ್ಥವನ್ನು ವಿಚಾರಿಸಲಿಲ್ಲ.

ಮೊದಲ ವಿಮಾನ 1 ಗಂಟೆ 40 ನಿಮಿಷ ತಡವಾಗಿ ಇಳಿಯಿತು. ಸಾಮಾನು ಮುಂದಕ್ಕೆ ನೇರವಾಗಿ ರವಾನೆಯಾಗುವುದಿಲ್ಲವೆಂದು ಆಗ ತಿಳಿಯಿತು. ವಲಸೆ ತಪಾಸಣೆ ಮುಗಿಸಿ, ಪೆಟ್ಟಿಗೆಗಳಿಗೆ ಕಾದು, ಅಮ್ಮನ ಗಾಲಿಕುರ್ಚಿಯೊಂದಿಗೆ ಇನ್ನೊಂದು ಟರ್ಮಿನಲ್ ತಲುಪುವಷ್ಟರಲ್ಲಿ ವಿಮಾನ ಹೊರಡಲು 38 ನಿಮಿಷ ಉಳಿದಿತ್ತು; ಚೆಕ್-ಇನ್ ಕೌಂಟರ್ ಹೊರಡುವ ಸಮಯಕ್ಕೆ 45 ನಿಮಿಷ ಮೊದಲೇ ಮುಚ್ಚಿತ್ತು. ನಿಮ್ಮದೇ ಮಾತೃಸಂಸ್ಥೆಯ ವಿಮಾನ ತಡವಾಯಿತೆಂದು ಎಷ್ಟು ವಿವರಿಸಿದರೂ, ಅದು ಬೇರೆ ಕಂಪನಿ, ನಮ್ಮ ದಾಖಲೆಯಲ್ಲಿ ನೀವು ಹಾಜರಾಗದ ಪ್ರಯಾಣಿಕರು ಎಂಬುದೊಂದೇ ಉತ್ತರ. ಮಾತೃಸಂಸ್ಥೆಯ ಕೌಂಟರಿಗೆ ಹೋದರೆ, ನಿಮ್ಮನ್ನು ಈ ಊರಿನವರೆಗೆ ಕರೆತರುವುದಷ್ಟೇ ನಮ್ಮ ಕರಾರು ಎಂದರು. ಅದು ಆ ದಿನದ ಕೊನೆಯ ವಿಮಾನವಾಗಿತ್ತು. ಅಮ್ಮ ರಾತ್ರಿಯಿಡೀ ಕುರ್ಚಿಯಲ್ಲಿ ಕುಳಿತೇ ಕಳೆದರು. ಆ ನೋವು ನನ್ನನ್ನು ಇನ್ನೂ ಬಿಟ್ಟಿಲ್ಲ. ಬೆಳಿಗ್ಗೆ ಹೊಸ ಟಿಕೆಟ್ ಕೊಂಡದ್ದಲ್ಲದೆ, ಮೊದಲ ವಿಮಾನದಲ್ಲಿ ತಲಾ 23 ಕಿಲೋ ತಂದಿದ್ದ ನಾವು, ತಲಾ 15 ಕಿಲೋ ಮಾತ್ರ ಒಪ್ಪುವ ಇಲ್ಲಿ ಉಳಿದ 16 ಕಿಲೋಗೂ ಶುಲ್ಕ ತೆತ್ತೆವು.

ಆ ಸಿಬ್ಬಂದಿ ಹೇಳಿದ್ದು ಕಟುವಾಗಿದ್ದರೂ ಸುಳ್ಳಲ್ಲ. ಇಂಥ ಅಂಗಸಂಸ್ಥೆ ಸಾಮಾನ್ಯವಾಗಿ ಪ್ರತ್ಯೇಕ ಕಂಪನಿ. ಅದರ ಹಾರಾಟದ ಪರವಾನಗಿ, ವಿಮಾನ ಸಂಖ್ಯೆಯ ಮುಂದೆ ಬರುವ ಎರಡಕ್ಷರದ ಸಂಕೇತ, ಟಿಕೆಟ್ ನಿಯಮಗಳೆಲ್ಲ ಬೇರೆ. ದಕ್ಷಿಣ ಆಫ್ರಿಕಾದ ರಾಷ್ಟ್ರೀಯ ಸಂಸ್ಥೆಯಾದ ಸೌತ್ ಆಫ್ರಿಕನ್ ಏರ್‌ವೇಸ್ 2006ರಲ್ಲಿ ಆರಂಭಿಸಿದ ಅಗ್ಗದ ದರದ ಅಂಗಸಂಸ್ಥೆ ಮ್ಯಾಂಗೋ 2021ರ ಜುಲೈಯಲ್ಲಿ ಹಾರಾಟ ನಿಲ್ಲಿಸಿತು. ತಾನೂ ಹಾರಾಟ ನಿಲ್ಲಿಸಿದ್ದ ಮಾತೃಸಂಸ್ಥೆ ಅದೇ ವರ್ಷ ಸೆಪ್ಟೆಂಬರಿನಲ್ಲಿ ಮತ್ತೆ ಆಕಾಶಕ್ಕೇರಿದರೂ ಮ್ಯಾಂಗೋ ಅದರೊಂದಿಗೆ ಮರಳಲಿಲ್ಲ. ದೊಡ್ಡ ಹೆಸರು ಬೆನ್ನಿಗಿದೆ ಎಂಬ ಭರವಸೆಗೆ ಇರುವ ಬಲ ಅಷ್ಟೇ.

ಆದ್ದರಿಂದ ಎರಡೂ ಹಾರಾಟಗಳು ಒಂದೇ ಟಿಕೆಟ್‌ನಲ್ಲಿ ಬಂದರೆ ಮಾತ್ರ ಸಂಪರ್ಕ ವಿಮಾನವೆಂದು ಎಣಿಸಿ. ಒಂದೇ ಪಿಎನ್‌ಆರ್ ಇದ್ದರೂ ಸಾಲದು. 13 ಅಂಕಿಗಳ ಇ-ಟಿಕೆಟ್ ಸಂಖ್ಯೆಯ ಮೊದಲ ಮೂರು ಅಂಕಿಗಳು ಟಿಕೆಟ್ ನೀಡಿದ ಸಂಸ್ಥೆಯನ್ನು ಸೂಚಿಸುತ್ತವೆ, ಎರಡೂ ಹಾರಾಟಗಳು ಆ ಒಂದೇ ಸಂಖ್ಯೆಯಡಿ ಇವೆಯೇ ಎಂದು ನೋಡಿ. ಸಾಮಾನು ಕೊನೆಯ ಊರಿನವರೆಗೆ ಹೋಗುವುದೇ ಎಂಬುದನ್ನು ಲಿಖಿತವಾಗಿ ಕೇಳಿ. ಬೇರೆ ಬೇರೆ ಟಿಕೆಟ್ ಅನಿವಾರ್ಯವಾದರೆ ಮರುದಿನದ ವಿಮಾನವನ್ನೇ ಆರಿಸಿ. ವಯಸ್ಸಾದವರು ಜೊತೆಗಿದ್ದರೆ ಇದರಲ್ಲಿ ರಾಜಿ ಬೇಡ.

ಅಂತರರಾಷ್ಟ್ರೀಯ ಪ್ರಯಾಣದ ವಿಳಂಬದಿಂದಾದ ನಷ್ಟಕ್ಕೆ 1999ರ ಮಾಂಟ್ರಿಯಲ್ ಒಪ್ಪಂದದಡಿ ಪರಿಹಾರ ಕೇಳಬಹುದು, ದಾವೆಗೆ ಎರಡು ವರ್ಷಗಳ ಗಡುವಿದೆ. ಆದರೆ ವಿಳಂಬ ತಪ್ಪಿಸಲು ಸಾಧ್ಯವಾದುದನ್ನೆಲ್ಲ ಮಾಡಿದೆವೆಂದು ಸಂಸ್ಥೆ ತೋರಿಸಿದರೆ ಅದು ಹೊಣೆಯಿಂದ ಪಾರಾಗುತ್ತದೆ. ಹಾಗಾಗಿ ವಿಮಾನ ತಡವಾದುದಕ್ಕೆ, ಕಾರಣವನ್ನೂ ಸೇರಿಸಿ, ಪ್ರಮಾಣಪತ್ರವನ್ನು ನಿಲ್ದಾಣದಲ್ಲಿಯೇ ಪಡೆದುಕೊಳ್ಳಿ. ಆ ರಾತ್ರಿ ಅದನ್ನು ಕೇಳಬೇಕೆಂದು ನನಗೆ ತಿಳಿದಿರಲಿಲ್ಲ. ಅದೊಂದು ಕಾಗದಕ್ಕಾಗಿ ಈಗ ಮೂರನೆಯ ಪತ್ರ ಬರೆದು ಕಾಯುತ್ತಿದ್ದೇನೆ.