ಲೇರ್ಡ್ ಪ್ಯಾಕೇಜು, ಅದರ ಜೊತೆ ಬರುವ ಮುದ್ರೆಯುಂಗುರ: ಕೊಳ್ಳಬಹುದೇ?

ಸ್ಕಾಟ್ಲೆಂಡಿನಲ್ಲಿ ಒಂದು ಚದರಡಿ ಜಾಗ, ‘ಲೇರ್ಡ್’ (ಅಲ್ಲಿಯ ಮಾತಿನಲ್ಲಿ ಜಮೀನಿನ ಒಡೆಯ) ಎಂದು ಹೆಸರು ಬರೆದ ಪ್ರಮಾಣಪತ್ರ, ಮೇಲೊಂದು ಲಾಂಛನದ ಬೆಳ್ಳಿಯುಂಗುರ. ಇಂಥ ಪ್ಯಾಕೇಜುಗಳು ಆನ್‌ಲೈನಿನಲ್ಲಿ ಬೇಕಾದಷ್ಟಿವೆ. ಅಂಥದ್ದೊಂದನ್ನು ಲೆನ್ಸ್ ಹಿಡಿದು ನೋಡಿ ಬರೆದದ್ದು ಇದು. ಕಂಪನಿಯ ಹೆಸರು ಮುಖ್ಯವಲ್ಲ.

ಮೊದಲು ಉಂಗುರ. ಅರಗಿನ ಮೇಲೆ ಒತ್ತಿದಾಗ ಚಿತ್ರ ಉಬ್ಬಿ ನಿಂತರೆ ಮಾತ್ರ ಅದು ಮುದ್ರೆಯುಂಗುರ. ಅದಕ್ಕೇ ಚಿತ್ರವನ್ನು ಉಲ್ಟಾ ಮಾಡಿ, ಆಳವಾಗಿ ತೋಡುತ್ತಾರೆ. ಬ್ರಿಟಿಷ್ ಲಾಂಛನಗಳಲ್ಲಿ ಸಿಂಹ ಸಾಮಾನ್ಯವಾಗಿ ನೋಡುವವರ ಎಡಕ್ಕೆ ಮುಖ ಮಾಡಿರುತ್ತದೆ; ಅಂದರೆ ಉಂಗುರದ ಮೇಲೆ ಬಲಕ್ಕೆ ತಿರುಗಿರಬೇಕು. ಈ ಉಂಗುರದ ಸಿಂಹ ಎಡಕ್ಕೇ ನೋಡುತ್ತದೆ. ಕೆತ್ತನೆ ಲೇಸರಿನದು: ಗೀರಿನ ತಳ ಚಪ್ಪಟೆ, ಬಣ್ಣ ಬೂದು. ಒತ್ತಿದರೆ ಬರೀ ಹೊರಗೆರೆ ಮೂಡುತ್ತದೆ, ಅದೂ ತಿರುಗುಮುರುಗಾಗಿ. ಕೈಯಲ್ಲಿ ಕೆತ್ತಿದ ಮುದ್ರೆಯಲ್ಲಾದರೆ ಸಿಂಹದ ಎದೆ, ತೊಡೆ ದುಂಡಗೆ ಏಳುತ್ತವೆ.

ಪರೀಕ್ಷೆ ಮಾಡುವುದು ಸುಲಭ. ಉಂಗುರವನ್ನು ಐಸ್ ಮೇಲಿಟ್ಟು ಒರೆಸಿಕೊಳ್ಳಿ. ಅರಗು ಸುರಿದು 5–10 ಸೆಕೆಂಡು, ಹೊಳಪು ಕೊಂಚ ಮಂಕಾಗುವ ತನಕ ಕಾಯಿರಿ. ನೇರವಾಗಿ ಒತ್ತಿ, ಗಟ್ಟಿಯಾಗುವವರೆಗೆ ಅಲ್ಲಾಡಿಸದೆ ಹಿಡಿದು, ನೇರವಾಗಿಯೇ ಎತ್ತಿ. ಉಂಗುರ ಬೆಚ್ಚಗಿದ್ದರೆ ಅರಗು ಕೆತ್ತನೆಯೊಳಗೆ ಕಚ್ಚಿಕೊಳ್ಳುತ್ತದೆ. ಆಗ ಸೂಜಿಯಿಂದ ಕೆದಕಬೇಡಿ, ಫ್ರೀಜರಿನಲ್ಲಿಡಿ. ಅರಗು ಪೆಡಸಾಗಿ ಉದುರುತ್ತದೆ.

ಉಂಗುರದ ಹಿಂಬದಿ ಪೊಳ್ಳು. ಮುಖ ಇಷ್ಟು ತೆಳುವಾಗಿದ್ದರೆ ಮುಂದೆ ಯಾವ ಅಕ್ಕಸಾಲಿಯೂ ಅದನ್ನು ಆಳವಾಗಿ ಕೆತ್ತಲಾರ. ನಿಜವಾಗಿ ಬೇಕೆನ್ನುವವರು ಲಂಡನ್ನಿನ ಹ್ಯಾಟನ್ ಗಾರ್ಡನ್ ಅಥವಾ ಬರ್ಮಿಂಗ್‌ಹ್ಯಾಮಿನ ಜ್ಯುವೆಲರಿ ಕ್ವಾರ್ಟರಿನ ಕೆತ್ತನೆಗಾರರನ್ನು ಹಿಡಿಯುವುದು ಒಳ್ಳೆಯದು. ಗಟ್ಟಿ ಹಿಂಬದಿ, ‘ಸೀಲ್ ಎನ್‌ಗ್ರೇವಿಂಗ್’ (ಮುದ್ರೆಯೊತ್ತಲು ಉಲ್ಟಾ ತೋಡುವ ಆಳ ಕೆತ್ತನೆ) ಎಂದು ಸ್ಪಷ್ಟವಾಗಿ ಹೇಳಿ; ಉಂಗುರದ ಜೊತೆ ಅರಗಿನ ಅಚ್ಚನ್ನೂ ಕೇಳಿ ಪಡೆಯಿರಿ. ಅಳತೆ ಸರಿಮಾಡಿಸುವುದು ಕೆತ್ತನೆಗೆ ಮುಂಚೆಯೇ ಆಗಲಿ. ಹಾಕಿಕೊಳ್ಳುವುದು ಎಡಗೈ ಕಿರುಬೆರಳಿಗೆ, ಅಲ್ಲಿಯ ರೂಢಿ ಅದು. ತಲೆಭಾರದ ಉಂಗುರ ಸಡಿಲವಿದ್ದರೆ ಬೆರಳಿನಲ್ಲೇ ತಿರುಗುತ್ತದೆ. ನಮ್ಮವರು 22 ಕ್ಯಾರೆಟ್ಟೇ ಬೇಕೆನ್ನುತ್ತಾರೆ, ಈ ಕೆಲಸಕ್ಕೆ ಅದು ತೀರಾ ಮೆತ್ತಗೆ. ಕೆತ್ತನೆಯ ಅಂಚು ಬೇಗ ಸವೆಯುತ್ತದೆ. 9 ಅಥವಾ 18 ಕ್ಯಾರೆಟ್ ಇರಲಿ, ಒಳಬದಿಯಲ್ಲಿ ಅದರ ಶುದ್ಧತೆಯ ಗುರುತು, 375 ಅಥವಾ 750, ಇದೆಯೇ ನೋಡಿಕೊಳ್ಳಿ.

ಇನ್ನು ಬಿರುದು. ಸ್ಕಾಟ್ಲೆಂಡಿನಲ್ಲಿ ಜಮೀನು ನೋಂದಣಿಯಾದರಷ್ಟೇ ಒಡೆತನ. 2012ರ ನೋಂದಣಿ ಕಾಯ್ದೆಯ ಪ್ರಕಾರ ಇಂಥ ಸ್ಮರಣಿಕೆ ತುಂಡುಗಳ ಅರ್ಜಿಯನ್ನು ತಿರಸ್ಕರಿಸಲೇಬೇಕು. ಜಾಗವೇ ನಿಮ್ಮದಲ್ಲದ ಮೇಲೆ ಲೇರ್ಡ್ ಆಗುವುದೆಲ್ಲಿಂದ ಬಂತು! ನಮ್ಮ ಸಂವಿಧಾನದ 18ನೇ ವಿಧಿ ವಿದೇಶಿ ಸರ್ಕಾರದ ಬಿರುದನ್ನು ಭಾರತೀಯರು ಒಪ್ಪುವಂತಿಲ್ಲ ಎನ್ನುತ್ತದೆ. ಇಲ್ಲಿ ಕೊಡುವುದು ಸರ್ಕಾರವಲ್ಲ, ಕೊಟ್ಟದ್ದು ಬಿರುದೂ ಅಲ್ಲ. ಆ ಭಯ ಬೇಡ.

ಇಂಗ್ಲೆಂಡಿನ ‘ಲಾರ್ಡ್ ಆಫ್ ದಿ ಮ್ಯಾನರ್’ (ಹಳೆಯ ಜಹಗೀರಿನ ಒಡೆಯ) ಮಾತ್ರ ಕಾನೂನಿನಲ್ಲಿ ನಿಜವಾಗಿಯೂ ಇರುವ, ಮಾರಬಹುದಾದ ಹಕ್ಕು. ಇನಾಂ ಹೋದಮೇಲೂ ಹೆಸರುಳಿದ ಹಳೇ ಮೈಸೂರಿನ ಜೋಡಿದಾರಿಕೆಯಂತೆ ಅನ್ನಿ. ಅದರಿಂದ ಯಾರೂ ‘ಲಾರ್ಡ್ ಇಂಥವರು’ ಆಗುವುದಿಲ್ಲ. 2003ರ ಅಕ್ಟೋಬರ್ 13ರಿಂದ ಹೊಸದಾಗಿ ನೋಂದಣಿಯೂ ಇಲ್ಲ, ಆದ್ದರಿಂದ ನೋಂದಣಿಯಾಗದ್ದನ್ನು ಕೊಳ್ಳುವಾಗ ಹಳೆಯ ಪತ್ರಗಳ ಸರಪಳಿಯನ್ನು ವಕೀಲರಿಗೆ ತೋರಿಸದೆ ಹಣ ಕೊಡಬೇಡಿ. 1611ರಲ್ಲಿ ಶುರುವಾದ, ವಂಶಪಾರಂಪರ್ಯವಾಗಿ ಬರುವ ಬ್ಯಾರೊನೆಟ್ ಪದವಿಯಂತೂ ಮಾರಾಟಕ್ಕಿಲ್ಲ. ಗೌರವಗಳ ವ್ಯಾಪಾರ 1925ರ ಕಾಯ್ದೆಯಡಿ ಅಪರಾಧ.

‘ನಿಮ್ಮ ಮನೆತನದ ಲಾಂಛನ’ ಎಂಬ ಜಾಹೀರಾತು ಇನ್ನೂ ದೊಡ್ಡ ಸುಳ್ಳು. ಲಾಂಛನ ಒಬ್ಬ ವ್ಯಕ್ತಿಗೆ, ಅವನ ವಾರಸುದಾರರಿಗೆ ಸೇರಿದ್ದು, ಅಡ್ಡಹೆಸರಿಗಲ್ಲ. ಸ್ಕಾಟ್ಲೆಂಡಿನಲ್ಲಿ ಬೇರೆಯವರದ್ದನ್ನು ಬಳಸಿದರೆ ಲಾಂಛನಗಳ ವ್ಯಾಜ್ಯ ನೋಡುವ ಲಾರ್ಡ್ ಲಯನ್ ನ್ಯಾಯಾಲಯ ಕ್ರಮ ಕೈಗೊಳ್ಳಬಹುದು. ಲಾಂಛನ ಕೊಡುವ ಅಧಿಕಾರವಿರುವ ಲಂಡನ್ನಿನ ಕಾಲೇಜ್ ಆಫ್ ಆರ್ಮ್ಸ್‌ನಿಂದ ಹೊಸ ಲಾಂಛನ ಪಡೆಯಲು ಸಾವಿರಾರು ಪೌಂಡ್ ಬೇಕು. ಅಷ್ಟಿಲ್ಲದವರು ಹೆಸರಿನ ಮೊದಲಕ್ಷರ ಕೆತ್ತಿಸಿಕೊಳ್ಳಲಿ. ‘ಕ’ ಅಕ್ಷರವನ್ನು ಉಲ್ಟಾ ಬರೆದುಕೊಟ್ಟರೆ ಅಲ್ಲಿಯ ಕೆತ್ತನೆಗಾರರೂ ತೋಡಬಲ್ಲರು.

ತಮಾಷೆಯ ಉಡುಗೊರೆಗೆ ಪ್ರಮಾಣಪತ್ರ ಮಾತ್ರ ಸಿಗುವ ಕಡಿಮೆ ಬೆಲೆಯ ಪ್ಯಾಕೇಜು ಸಾಕು. ಉಂಗುರವಿರುವುದಕ್ಕೆ ಹೆಚ್ಚು ಹಣ ಸುರಿಯಬೇಡಿ.